ಕಡಲಾಳಕ್ಕೆ ಕಿವಿಗೊಡುವುದು ದುಂದುವೆಚ್ಚವಲ್ಲ

ನಮ್ಮ ನೌಕಾಪಡೆ ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನ, ಹೆಲಿಕಾಪ್ಟರ್, ಸದ್ದಿನ ಜಾಡು ಹಿಡಿಯುವ ಸೋನಾರ್‌ಗಳಿಗೆ ಹಣ ಸುರಿಯುವುದನ್ನು ಆಕ್ಷೇಪಿಸುವವರು ಇದ್ದಾರೆ. ಅವರಲ್ಲಿ ನಿವೃತ್ತ ಸೇನಾಧಿಕಾರಿಗಳಿದ್ದಾರೆ, ಅರ್ಥಶಾಸ್ತ್ರ ಓದಿದವರಿದ್ದಾರೆ, ಕರಾವಳಿಯ ಹೋರಾಟಗಾರರೂ ಇದ್ದಾರೆ. ದೇಶದ ಹಿತವನ್ನು ಬಯಸಿಯೇ ಇವರೆಲ್ಲ ಮಾತಾಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ವಾದಗಳಲ್ಲಿ ಹೆಚ್ಚಿನವು ತಪ್ಪು, ಒಂದೆರಡು ಅಪಾಯಕಾರಿ. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುತ್ತೇನೆ.

ಮೊದಲನೆಯ ವಾದ: ನಮ್ಮ ಶತ್ರು ಇರುವುದು ಹಿಮಾಲಯದ ಗಡಿಯಲ್ಲಿ, ಕಡಲಿನಲ್ಲಲ್ಲ. ಗುಡ್ಡದ ಮೇಲೆ ನಿಂತ ಸೈನಿಕನಿಗೆ ಬೂಟು, ರಸ್ತೆ, ಫಿರಂಗಿ ಮೊದಲು ಸಿಗಲಿ; ನೀರಿನಡಿ ಹುಡುಕಾಟ ಆಮೇಲೆ ನೋಡೋಣ.

ಸೈನಿಕನಿಗೆ ಬೂಟು ಸಿಗಲೇಬೇಕು. ಆದರೆ ಅವನ ಲಾರಿಗೆ ಹಾಕುವ ಡೀಸೆಲ್ ಎಲ್ಲಿಂದ ಬರುತ್ತದೆ? ದೇಶದ ವಿದೇಶ ವ್ಯಾಪಾರದ ಶೇ 95ರಷ್ಟು ಸರಕು ಸಮುದ್ರದ ಮೇಲೆಯೇ ಓಡಾಡುತ್ತದೆ. ಬೆಲೆಯ ಲೆಕ್ಕದಲ್ಲಿ ನೋಡಿದರೂ ಶೇ 70ರಷ್ಟು. ಕಚ್ಚಾ ತೈಲದ ಬಹುಪಾಲನ್ನು ನಾವು ಹೊರಗಿನಿಂದ ತರುತ್ತೇವೆ. ಮಂಗಳೂರಿನ ಕಡಲಲ್ಲಿ ತೇಲುವ ಬೋಯ್‌ಗೆ ಟ್ಯಾಂಕರ್ ಬಂದು ಕಟ್ಟಿಕೊಂಡು ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ತೈಲ ಇಳಿಸುತ್ತದೆ. ತುರ್ತು ಕಾಲಕ್ಕೆಂದು ದೇಶ ಕೂಡಿಟ್ಟ ತೈಲದಲ್ಲಿ 15 ಲಕ್ಷ ಟನ್ ಹಿಡಿಯುವ ಬಂಡೆಯ ಸುರಂಗಗಳು ಮಂಗಳೂರಿನಲ್ಲಿ, 25 ಲಕ್ಷ ಟನ್‌ನವು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇವೆ. ಅವನ್ನು ತುಂಬಿಸುವುದು ಹಡಗುಗಳೇ. ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಕೆಲವು ಹಡಗುಗಳಿಗೆ ಕ್ಷಿಪಣಿ ಹಾರಿಸಿದ್ದಕ್ಕೇ 2023ರ ಕೊನೆಯಿಂದ ಹಡಗು ಕಂಪನಿಗಳು ಇಡೀ ಆಫ್ರಿಕಾವನ್ನು ಸುತ್ತು ಹಾಕಿಕೊಂಡು ಹೋಗತೊಡಗಿದವು. ಎಲ್ಲಿದೆ ಎಂದೇ ತಿಳಿಯದ ಒಂದು ಜಲಾಂತರ್ಗಾಮಿ ಅರಬ್ಬೀ ಸಮುದ್ರದಲ್ಲಿ ಒಂದು ಟ್ಯಾಂಕರನ್ನು ಮುಳುಗಿಸಿದರೆ ಯಾವ ಕಂಪನಿ, ಯಾವ ವಿಮೆದಾರ ಮುಂದಿನ ಟ್ಯಾಂಕರನ್ನು ಕಳಿಸುತ್ತಾನೆ?

ಇನ್ನು ಶತ್ರು ಕಡಲಲ್ಲಿಲ್ಲ ಎಂಬ ಮಾತು. ಚೀನಾದ ಅಣುಶಕ್ತಿ ಚಾಲಿತ ಜಲಾಂತರ್ಗಾಮಿಯೊಂದು 2013ರ ಡಿಸೆಂಬರ್‌ನಲ್ಲಿ ಹಿಂದೂ ಮಹಾಸಾಗರಕ್ಕೆ ಬಂತು. 2014ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಚೀನೀ ಜಲಾಂತರ್ಗಾಮಿ ಕೊಲಂಬೊ ಬಂದರಿನಲ್ಲಿ ಲಂಗರು ಹಾಕಿತು. 2015ರಲ್ಲಿ ಮತ್ತೊಂದು ಕರಾಚಿಗೆ ಹೋಯಿತು. ಸೊಮಾಲಿಯಾದ ಕಡಲ್ಗಳ್ಳರನ್ನು ತಡೆಯಲು ಬಂದಿದ್ದೇವೆ ಎಂಬ ವಿವರಣೆ ಕೊಟ್ಟರು. ಸಣ್ಣ ದೋಣಿಗಳಲ್ಲಿ ಬರುವ ಕಳ್ಳರನ್ನು ಹಿಡಿಯಲು ನೀರಿನಡಿ ಅಡಗುವ ನೌಕೆ ಬೇಕಿಲ್ಲ. ಅದೇ ಹೊತ್ತಿಗೆ ಪಾಕಿಸ್ತಾನ ಚೀನಾದಿಂದ ಎಂಟು ಹೊಸ ಜಲಾಂತರ್ಗಾಮಿಗಳಿಗೆ ಒಪ್ಪಂದ ಮಾಡಿಕೊಂಡಿತು. ನಾಲ್ಕು ಚೀನಾದಲ್ಲಿ, ನಾಲ್ಕು ಕರಾಚಿಯಲ್ಲಿ ಕಟ್ಟುವ ಏರ್ಪಾಡು. ಆ ವರ್ಗಕ್ಕೆ ಇಟ್ಟ ಹೆಸರು ‘ಹಂಗೋರ್’. ಈ ಹೆಸರಿನ ಚರಿತ್ರೆ ಗೊತ್ತಿರುವ ಭಾರತೀಯನಿಗೆ ಶತ್ರು ಕಡಲಲ್ಲಿಲ್ಲ ಎನ್ನಲು ಬಾಯಿ ಬರಬಾರದು.

ಅಂದಹಾಗೆ, ಗುಡ್ಡದ ಸೈನಿಕನಿಗೂ ಈ ಹಣದಿಂದ ಉಪಕಾರವಾಗಿದೆ. ಜಲಾಂತರ್ಗಾಮಿ ಬೇಟೆಗೆಂದು ಕೊಂಡ ಪಿ-8ಐ ವಿಮಾನಗಳನ್ನೇ 2017ರಲ್ಲಿ ಡೋಕ್ಲಾಮ್‌ನಲ್ಲಿ, 2020ರಲ್ಲಿ ಲಡಾಖ್‌ನಲ್ಲಿ ಚೀನೀ ಪಡೆಗಳ ಚಲನವಲನ ನೋಡಲು ಹಾರಿಸಿದರು.

ಎರಡನೆಯ ವಾದ ಹೆಚ್ಚು ಗಂಭೀರವಾದದ್ದು. ಈಗಿನ ಜಲಾಂತರ್ಗಾಮಿ ಎಷ್ಟು ನಿಶ್ಶಬ್ದವೆಂದರೆ ಅದನ್ನು ಹುಡುಕುವುದೇ ಸಾಧ್ಯವಿಲ್ಲ. ಸಿಗದ್ದನ್ನು ಹುಡುಕಲು ಸಾವಿರಾರು ಕೋಟಿ ಏಕೆ ಎಂದು ಇವರು ಕೇಳುತ್ತಾರೆ. ಇದಕ್ಕೆ ಅವರು ಕೊಡುವ ಉದಾಹರಣೆ 1971ರ ಡಿಸೆಂಬರ್ 9. ನಾನೂ ಅದನ್ನೇ ಎತ್ತಿಕೊಳ್ಳುತ್ತೇನೆ.

ಆ ದಿನ ದೀವ್ ತೀರದಿಂದ ಸುಮಾರು 40 ನಾವಿಕ ಮೈಲಿ ದೂರದಲ್ಲಿ ಐಎನ್‌ಎಸ್ ಖುಕ್ರಿ ಮತ್ತು ಐಎನ್‌ಎಸ್ ಕೃಪಾಣ್ ಎಂಬ ಎರಡು ಫ್ರಿಗೇಟ್‌ಗಳು ಪಾಕಿಸ್ತಾನಿ ಜಲಾಂತರ್ಗಾಮಿಯೊಂದನ್ನು ಹುಡುಕುತ್ತಿದ್ದವು. ಅದು ಫ್ರಾನ್ಸ್‌ನಲ್ಲಿ ಕಟ್ಟಿದ ಡಾಫ್ನೆ ವರ್ಗದ ಹಂಗೋರ್. ಹಂಗೋರ್‌ನ ಸೋನಾರ್ ನಮ್ಮ ಹಡಗುಗಳ ಸದ್ದನ್ನು ಬಹಳ ದೂರದಿಂದಲೇ ಹಿಡಿಯಬಲ್ಲದಾಗಿತ್ತು. ಖುಕ್ರಿಯ ಸೋನಾರ್ ಅದರ ಮುಂದೆ ಮಂದ. ಅದರ ಶಕ್ತಿ ಹೆಚ್ಚಿಸಲೆಂದು ಹೊಸ ಉಪಕರಣವೊಂದನ್ನು ಯುದ್ಧದ ನಡುವೆಯೇ ಹಡಗಿನಲ್ಲಿ ಜೋಡಿಸಿ ಪರೀಕ್ಷಿಸುತ್ತಿದ್ದರು; ಅದಕ್ಕಾಗಿ ವೇಗವನ್ನು ತಗ್ಗಿಸಬೇಕಾಗಿತ್ತು. ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮುಂಚೆ ಖುಕ್ರಿಗೆ ಟಾರ್ಪಿಡೊ ಬಡಿಯಿತು. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜತೆಗೇ ಇಳಿದರು. ಹಂಗೋರ್ ತಪ್ಪಿಸಿಕೊಂಡು ಕರಾಚಿ ಸೇರಿತು.

ಹುಡುಕುವುದು ವ್ಯರ್ಥ ಎಂದು ಈ ಘಟನೆ ಹೇಳುತ್ತದೆಯೇ? ನನಗೆ ಕಾಣುವುದು ಬೇರೆಯೇ. ಶಾಂತಿ ಕಾಲದಲ್ಲಿ ವರ್ಷಗಟ್ಟಲೆ ಮಾಡಿ ಮುಗಿಸಿರಬೇಕಾದ ಕೆಲಸವನ್ನು ಆ ನಾವಿಕರು ಶತ್ರುವಿನ ಎದುರಿಗೇ ಮಾಡಬೇಕಾಗಿ ಬಂತು. ಸಮುದ್ರದಲ್ಲಿ ಕೇಳುವ ಶಕ್ತಿ ಯಾರಿಗೆ ಕಡಿಮೆಯೋ ಅವರು ಸಾಯುತ್ತಾರೆ. ಆ ರಾತ್ರಿ ಕಡಿಮೆ ಇದ್ದದ್ದು ನಮಗೆ.

ಹುಡುಕುವುದು ಕಷ್ಟ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಏಕೆ ಕಷ್ಟ ಎಂದು ತಿಳಿದರೆ ಹಣ ಎಲ್ಲಿಗೆ ಹೋಗಬೇಕೆಂಬುದೂ ತಿಳಿಯುತ್ತದೆ. ರೇಡಾರ್ ಅಲೆ ನೀರಿನೊಳಗೆ ಹೋಗುವುದಿಲ್ಲ, ಬೆಳಕು ಬೇಗ ಕರಗುತ್ತದೆ. ದೂರ ಹೋಗುವುದು ಶಬ್ದವೊಂದೇ, ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. ಆದರೆ ಅದು ನೇರ ಹೋಗುವುದಿಲ್ಲ. ಬಿಸಿಲಿಗೆ ಕಾದ ಮೇಲ್ಪದರದಿಂದ ತಣ್ಣಗಿನ ಕೆಳಪದರದತ್ತ ಬಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಸೋನಾರ್ ಮಧ್ಯಾಹ್ನದ ಹೊತ್ತಿಗೆ ಕಿವುಡಾಗುವುದು ಇದರಿಂದಲೇ. ಈ ಪದರದ ಕೆಳಗೆ ಸೇರಿಕೊಂಡ ಜಲಾಂತರ್ಗಾಮಿ ಮೇಲಿನ ಹಡಗಿಗೆ ಕೇಳಿಸದೇ ಹೋಗಬಹುದು. ನಮ್ಮ ಎರಡು ಕಡಲುಗಳೂ ಒಂದೇ ಥರ ಇಲ್ಲ. ಬಂಗಾಳಕೊಲ್ಲಿಯ ಮೇಲೆ ಗಂಗಾ, ಬ್ರಹ್ಮಪುತ್ರಾಗಳ ಸಿಹಿನೀರು ಹಾಸಿಕೊಂಡಿರುತ್ತದೆ. ಅರಬ್ಬೀ ಸಮುದ್ರದ ಆಳದಲ್ಲಿ ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯಿಂದ ಹರಿದುಬಂದ ಹೆಚ್ಚು ಉಪ್ಪಿನ ನೀರಿದೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಬಂಗುಡೆ, ಬೂತಾಯಿ ಮೀನುಗಳ ಸುಗ್ಗಿಗೂ ಇದಕ್ಕೂ ಸಂಬಂಧವಿದೆ. ಮಳೆ ಹನಿಗಳ ಸದ್ದು, ತೀರದ ಸಿಗಡಿಗಳ ಚಟಪಟ, ಸಾವಿರಾರು ಟ್ರಾಲರ್‌ಗಳ ಎಂಜಿನ್ ಇವೆಲ್ಲದರ ನಡುವೆ ಒಂದು ಪ್ರೊಪೆಲ್ಲರಿನ ಗುನುಗನ್ನು ಆರಿಸಿ ತೆಗೆಯಬೇಕು.

ಆದ್ದರಿಂದಲೇ ಕಡಲನ್ನು ಅಳೆಯುವ ಕೆಲಸಕ್ಕೆ ಬೆಲೆ. ಕೊಚ್ಚಿಯ ನೌಕಾ ಭೌತ ಮತ್ತು ಸಾಗರಶಾಸ್ತ್ರ ಪ್ರಯೋಗಾಲಯ, ಅಂದರೆ ಎನ್‌ಪಿಒಎಲ್, ಮತ್ತು ಅದಕ್ಕಾಗಿ 1994ರಿಂದ ಓಡಾಡುತ್ತಿರುವ ಐಎನ್‌ಎಸ್ ಸಾಗರಧ್ವನಿ ಮಾಡುತ್ತಿರುವುದು ಇದನ್ನೇ. ಚೀನಾವೂ ಇದನ್ನು ಮಾಡುತ್ತಿದೆ, ನಮ್ಮ ಅಂಗಳದಲ್ಲೇ. ಶಿಯಾನ್ 6 ಎಂಬ ಚೀನೀ ಸಂಶೋಧನಾ ಹಡಗು 2023ರಲ್ಲಿ ಕೊಲಂಬೊಗೆ ಬಂತು, ಶಿಯಾಂಗ್ ಯಾಂಗ್ ಹಾಂಗ್ 03 ಎಂಬುದು 2024ರಲ್ಲಿ ಮಾಲೆಗೆ ಬಂತು. ನೀರಿನ ಬಿಸಿ, ಉಪ್ಪಿನಂಶ, ಆಳಗಳ ಲೆಕ್ಕ ವಿಜ್ಞಾನಕ್ಕೆ ಎಷ್ಟು ಬೇಕೋ ಜಲಾಂತರ್ಗಾಮಿಯ ಕಮಾಂಡರನಿಗೂ ಅಷ್ಟೇ ಬೇಕು. ಎಲ್ಲಿ ಅಡಗಬಹುದೆಂದು ಅವನು ಅಳೆಯುತ್ತಿರುವಾಗ ಹುಡುಕುವುದೇ ವ್ಯರ್ಥ ಎಂದು ನಾವು ಕೈಕಟ್ಟಿ ಕೂರಬೇಕೇ?

ಇನ್ನೊಂದು ಮಾತನ್ನು ಈ ವಾದದವರು ಮರೆಯುತ್ತಾರೆ. ಜಲಾಂತರ್ಗಾಮಿಯನ್ನು ಮುಳುಗಿಸಿದರೆ ಮಾತ್ರ ಗೆಲುವು ಎಂದೇನೂ ಇಲ್ಲ. ಡೀಸೆಲ್ ಜಲಾಂತರ್ಗಾಮಿ ಬ್ಯಾಟರಿ ತುಂಬಿಸಲು ಆಗಾಗ ಗಾಳಿಕೊಳವೆಯನ್ನು ನೀರಿನ ಮೇಲೆ ಚಾಚಬೇಕು. ಗಾಳಿಯ ಹಂಗಿಲ್ಲದೆ ಓಡುವ ಎಐಪಿ ವ್ಯವಸ್ಥೆ ಇರುವವು ವಾರಗಟ್ಟಲೆ ಅಡಿಯಲ್ಲೇ ಇರಬಲ್ಲವು ನಿಜ, ಆದರೆ ಅದು ತೆವಳುವ ವೇಗದಲ್ಲಿ ಮಾತ್ರ. ವೇಗ ಹೆಚ್ಚಿಸಿದರೆ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬರಿದು, ಜತೆಗೆ ಸದ್ದೂ ಹೆಚ್ಚು. ಮೇಲೆ ವಿಮಾನ ಸುತ್ತುತ್ತಿದೆ ಎಂದು ಗೊತ್ತಾದ ಕಮಾಂಡರ್ ತಲೆ ಎತ್ತುವುದಿಲ್ಲ, ಓಡುವುದಿಲ್ಲ. ಓಡದವನು ಹಡಗನ್ನು ಬೆನ್ನಟ್ಟಲಾರ. 1943ರ ಮೇ ತಿಂಗಳೊಂದರಲ್ಲೇ ಅಟ್ಲಾಂಟಿಕ್‌ನಲ್ಲೂ ಇತರೆಡೆಯೂ ಸೇರಿ 40ಕ್ಕೂ ಹೆಚ್ಚು ಯು-ಬೋಟ್ ಜಲಾಂತರ್ಗಾಮಿಗಳನ್ನು ಕಳೆದುಕೊಂಡ ಜರ್ಮನಿ ಉಳಿದವನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡಿತು. ವಿಮಾನಗಳು ಅವನ್ನು ಮೇಲೇಳಲು ಬಿಡದೆ ಕಾಡಿದ್ದು ಅದಕ್ಕೆ ದೊಡ್ಡ ಕಾರಣ.

ಮೂರನೆಯ ವಾದ ಇದಕ್ಕೆ ತದ್ವಿರುದ್ಧ: ಉಪಗ್ರಹ, ಡ್ರೋನ್, ಕೃತಕ ಬುದ್ಧಿಮತ್ತೆ ಬಂದಮೇಲೆ ಇನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ಸಮುದ್ರ ಗಾಜಿನಂತೆ ಪಾರದರ್ಶಕವಾಗುತ್ತದೆ, ಈಗ ಕೊಳ್ಳುವ ಹಡಗು, ಹೆಲಿಕಾಪ್ಟರುಗಳೆಲ್ಲ ಆಗ ಗುಜರಿ. ಇದಕ್ಕೆ ಉತ್ತರ ಚಿಕ್ಕದು. ಕೃತಕ ಬುದ್ಧಿಮತ್ತೆಗೆ ಮೊದಲು ಕಲಿಸಬೇಕು, ಕಲಿಸಲು ಶಬ್ದಗಳ ದಾಖಲೆ ಬೇಕು. ಕಾರವಾರದಾಚೆ ಜುಲೈ ತಿಂಗಳ ಕಡಲು ಹೇಗೆ ಸದ್ದು ಮಾಡುತ್ತದೆ, ನಿಕೋಬಾರಿನಾಚೆ ಜನವರಿಯಲ್ಲಿ ಹೇಗೆ, ಇಂಥ ಜಲಾಂತರ್ಗಾಮಿಯ ಪಂಪು ಯಾವ ಶ್ರುತಿಯಲ್ಲಿ ಗುನುಗುತ್ತದೆ ಎಂಬ ದಾಖಲೆಯನ್ನು ಯಾವ ದೇಶವೂ ಇನ್ನೊಬ್ಬರಿಗೆ ಮಾರುವುದಿಲ್ಲ. ಅಮೆರಿಕ 1950ರ ದಶಕದಿಂದ ಕಡಲತಳದಲ್ಲಿ ನೀರಿನಡಿಯ ಸದ್ದು ಕೇಳುವ ಹೈಡ್ರೋಫೋನ್ ಸಾಲುಗಳನ್ನು ಹಾಸಿ ಸೋವಿಯತ್ ಜಲಾಂತರ್ಗಾಮಿಗಳ ಸದ್ದನ್ನು ದಶಕಗಟ್ಟಲೆ ಕೂಡಿಟ್ಟುಕೊಂಡಿತು. ಅದನ್ನು ಸೋಸಸ್ ಎನ್ನುತ್ತಿದ್ದರು. ನಮಗೂ ಅಂಡಮಾನ್–ನಿಕೋಬಾರ್ ದ್ವೀಪಗಳಿವೆ. ಪೂರ್ವದಿಂದ ಬರುವ ಜಲಾಂತರ್ಗಾಮಿ ಮಲಕ್ಕಾ, ಸುಂಡಾ, ಲೊಂಬೊಕ್‌ನಂಥ ಕೆಲವೇ ಜಲಸಂಧಿಗಳನ್ನು ದಾಟಿ ಬರಬೇಕು. ಅಲ್ಲಿಂದೀಚೆ ಬರುವ ಪ್ರತಿಯೊಂದರ ಸದ್ದನ್ನು ಇಂದು ಹಿಡಿದಿಟ್ಟರೆ ಮಾತ್ರ ಮುಂದಿನ ಯಂತ್ರಕ್ಕೆ ಅದನ್ನು ಗುರುತಿಸಲು ಬರುತ್ತದೆ. ಡ್ರೋನ್‌ಗಳು ಬರಲಿ, ಬೇಗ ಬರಲಿ. ನೀರಿನಡಿ ತಿಂಗಳುಗಟ್ಟಲೆ ತೇಲಿ ಹೋಗುವ ಗ್ಲೈಡರ್‌ಗಳು ಅಗ್ಗದಲ್ಲಿ ತುಂಬ ಕೆಲಸ ಮಾಡಬಲ್ಲವು. ಆದರೆ ಅವು ಬರುವವರೆಗೆ ಕಿವಿ ಮುಚ್ಚಿಕೊಂಡಿದ್ದರೆ ಅವು ಬಂದ ದಿನ ಅವಕ್ಕೆ ಕೊಡಲು ನಮ್ಮ ಬಳಿ ಏನೂ ಇರುವುದಿಲ್ಲ.

ನಾಲ್ಕನೆಯದು ನೌಕಾಪಡೆಯ ಅಭಿಮಾನಿಗಳದೇ ವಾದ: ಮೊದಲು ಮೂರನೆಯ ವಿಮಾನವಾಹಕ ನೌಕೆ ಬರಲಿ, ಬ್ರಹ್ಮೋಸ್ ಹೊತ್ತ ಡಿಸ್ಟ್ರಾಯರ್‌ಗಳು ಬರಲಿ, ಸೋನಾರ್, ಹೆಲಿಕಾಪ್ಟರ್ ಎಲ್ಲ ನಂತರ ಜೋಡಿಸಿಕೊಳ್ಳುವ ಸಾಮಾನು. ನನಗೆ ಹೆಚ್ಚು ಬೇಸರ ತರುವ ವಾದ ಇದು, ಏಕೆಂದರೆ ಹಲವು ವರ್ಷ ನಾವು ಇದನ್ನೇ ಪಾಲಿಸಿದ್ದೇವೆ. 2014ರಲ್ಲಿ ಸೇರಿದ ಐಎನ್‌ಎಸ್ ಕಾಮೋರ್ಟಾ ಜಲಾಂತರ್ಗಾಮಿ ಬೇಟೆಗೆಂದೇ ಕಟ್ಟಿದ ಹಡಗು, ಬಹುಪಾಲು ಸ್ವದೇಶಿ, ಹೆಮ್ಮೆಪಡುವಂಥದ್ದು. ಆದರೆ ಬಾಲಕ್ಕೆ ಕಟ್ಟಿ ಎಳೆಯುವ ಟೋವ್ಡ್ ಅರೇ ಸೋನಾರ್ ಇಲ್ಲದೆಯೇ ಅದು ಸೇವೆಗೆ ಬಂತು. ಹಡಗಿನ ಸ್ವಂತ ಎಂಜಿನ್ನಿನ ಸದ್ದಿನಿಂದ ದೂರದಲ್ಲಿ, ಕಾದ ಪದರದ ಕೆಳಗೆ ಇಳಿದು ಕೇಳುವುದು ಆ ಸೋನಾರ್. ಅತ್ತ ಜಲಾಂತರ್ಗಾಮಿ ಹುಡುಕುವ ಸೀ ಕಿಂಗ್ ಹೆಲಿಕಾಪ್ಟರುಗಳು ಮುದಿಯಾಗುತ್ತ ಹೋದವು. ಅವುಗಳ ಜಾಗಕ್ಕೆ 24 ಎಂಎಚ್-60ಆರ್‌ಗಳಿಗೆ ಆರ್ಡರ್ ಕೊಟ್ಟದ್ದು 2020ರಲ್ಲಿ.

ವಾಹಕ ನೌಕೆ ಎಷ್ಟೇ ದೊಡ್ಡದಿರಲಿ, ಅದರ ಸುತ್ತ ಕೇಳುವವರಿಲ್ಲದಿದ್ದರೆ ಅದಕ್ಕೆ ಬಂದರೇ ಗತಿ. 1971ರಲ್ಲಿ ವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ನ ಬೆನ್ನುಬಿದ್ದು ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಬಂದಾಗ ವಿಕ್ರಾಂತನ್ನು ಅಂಡಮಾನಿನತ್ತ ಮರೆಯಾಗಿ ಇರಿಸಬೇಕಾಯಿತು. ಘಾಜಿ ವಿಶಾಖಪಟ್ಟಣದ ಬಂದರಿನ ಬಾಯಲ್ಲೇ ಮುಳುಗಿದ್ದು ನಮ್ಮ ಪುಣ್ಯ. ಫಾಕ್ಲೆಂಡ್ ಯುದ್ಧದಲ್ಲಿ, 1982ರ ಮೇ 2ರಂದು, ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್ ಅರ್ಜೆಂಟೀನಾದ ಯುದ್ಧನೌಕೆ ಜನರಲ್ ಬೆಲ್ಗ್ರಾನೊವನ್ನು ಮುಳುಗಿಸಿ 323 ಜನ ಸತ್ತ ಮೇಲೆ ಅರ್ಜೆಂಟೀನಾದ ಹಡಗುಗಳು, ವಾಹಕ ನೌಕೆಯೂ ಸೇರಿ, ತೀರಕ್ಕೆ ಮರಳಿದವು. ಯುದ್ಧ ಮುಗಿಯುವವರೆಗೂ ಹೊರಬರಲಿಲ್ಲ. ಕಾರವಾರದ ಅರ್ಗಾದಲ್ಲಿ ನಿಲ್ಲುವ ಐಎನ್‌ಎಸ್ ವಿಕ್ರಮಾದಿತ್ಯಕ್ಕೆ ಆ ಗತಿ ಬರಬಾರದೆಂದರೆ ಅದು ಕಡಲಿಗಿಳಿಯುವ ಮುನ್ನ ದಾರಿಯನ್ನು ಆಲಿಸಿ ನೋಡುವ ಹಡಗು, ವಿಮಾನಗಳು ಮುಂದೆ ಹೋಗಬೇಕು.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಚಾಪೆಲ್ ಎಂಬ ಕ್ಷಿಪಣಿ ದೋಣಿಯನ್ನು ನೋಡಿರುತ್ತಾರೆ. ಅದರ ಜತೆಗೆ ಈಗ ಉದ್ದ ರೆಕ್ಕೆಯ ಟುಪೊಲೆವ್-142 ವಿಮಾನವೂ ನಿಂತಿದೆ. ನಾಲ್ಕು ಎಂಜಿನ್, ಪ್ರತಿಯೊಂದರಲ್ಲೂ ಒಂದರ ಹಿಂದೊಂದು, ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್. 1988ರಿಂದ 2017ರವರೆಗೆ ಈ ವಿಮಾನಗಳು ಗೋವಾ ಮತ್ತು ಅರಕ್ಕೋಣಂನಿಂದ ಹಾರಿ ಹಿಂದೂ ಮಹಾಸಾಗರದ ಮೂಲೆಮೂಲೆ ತಡಕಿದವು. ಕ್ಷಿಪಣಿ ದೋಣಿ ಏನು ಮಾಡುತ್ತದೆಂದು ಮಕ್ಕಳಿಗೆ ವಿವರಿಸುವುದು ಸುಲಭ. ಈ ವಿಮಾನ ಮೂವತ್ತು ವರ್ಷ ಒಂದೂ ಟಾರ್ಪಿಡೊವನ್ನು ಶತ್ರುವಿನ ಮೇಲೆ ಬಿಡದೆ ಕೇಳುತ್ತಲೇ ಇತ್ತು, ಆ ಕೇಳುವಿಕೆಯೇ ಅದರ ಕೆಲಸ ಎಂದು ವಿವರಿಸಲು ತಂದೆ-ತಾಯಿ ಸ್ವಲ್ಪ ಕಷ್ಟಪಡಬೇಕು. ದಯವಿಟ್ಟು ಕಷ್ಟಪಡಿ.

ಐದನೆಯದು ಸ್ವಾವಲಂಬನೆಯ ಪ್ರಶ್ನೆ. ವಿಮಾನ ಅಮೆರಿಕದ್ದು, ಹೆಲಿಕಾಪ್ಟರ್ ಅಮೆರಿಕದ್ದು; ನಾಳೆ ಅವರು ಮುನಿದರೆ ನಾವು ಕುರುಡರಲ್ಲವೇ? ಈ ಆಕ್ಷೇಪಕ್ಕೆ ನನ್ನ ಅರ್ಧ ಸಮ್ಮತಿ ಇದೆ. ವಿಮಾನಕ್ಕಿಂತ ಹೆಚ್ಚು ಆತಂಕ ಸೋನೋಬಾಯ್‌ಗಳದು. ಸುಮಾರು ಒಂದು ಮೀಟರ್ ಉದ್ದದ, ಅಂಗೈ ಅಗಲದ ಕೊಳವೆ ಅದು. ವಿಮಾನದಿಂದ ಪುಟ್ಟ ಪ್ಯಾರಾಚೂಟಿನಲ್ಲಿ ಇಳಿದು ನೀರಿಗೆ ಬೀಳುತ್ತದೆ. ಉಪ್ಪುನೀರು ತಾಗಿದೊಡನೆ ಅದರ ಬ್ಯಾಟರಿ ಜೀವ ಪಡೆಯುತ್ತದೆ. ಆಂಟೆನಾ ಮೇಲೆ ನಿಲ್ಲುತ್ತದೆ, ಹೈಡ್ರೋಫೋನ್ ತಂತಿಯ ತುದಿಯಲ್ಲಿ ಹೇಳಿದ ಆಳಕ್ಕೆ ಇಳಿಯುತ್ತದೆ, ಕೇಳಿದ್ದನ್ನು ರೇಡಿಯೊ ಮೂಲಕ ಮೇಲಕ್ಕೆ ಕಳಿಸುತ್ತದೆ. ವಿಮಾನದೊಳಗೆ ಪರದೆಯ ಮುಂದೆ ಕುಳಿತ ನಾವಿಕ ಆ ಗದ್ದಲದಲ್ಲಿ ಒಂದೇ ಸಮನೆ ಇಳಿಯುವ ಸಣ್ಣ ಗೆರೆಯನ್ನು ಹುಡುಕುತ್ತಾನೆ. ಕೆಲವು ಗಂಟೆ ಕಳೆದಮೇಲೆ ಕೊಳವೆ ತಾನಾಗಿಯೇ ಮುಳುಗಿಹೋಗುತ್ತದೆ. ಒಂದು ಹಾರಾಟದಲ್ಲಿ ಡಜನ್ನುಗಟ್ಟಲೆ ಖರ್ಚಾಗುತ್ತವೆ, ಯುದ್ಧವಾದರೆ ದಾಸ್ತಾನು ವಾರಗಳಲ್ಲಿ ಖಾಲಿ. 2024ರ ಆಗಸ್ಟ್‌ನಲ್ಲಿ 5.28 ಕೋಟಿ ಡಾಲರ್ ಮೊತ್ತದ ಸೋನೋಬಾಯ್‌ಗಳನ್ನು ನಮಗೆ ಮಾರಲು ಅಮೆರಿಕ ಒಪ್ಪಿಗೆ ಕೊಟ್ಟಿತು. ಇವನ್ನು ಭಾರತದಲ್ಲೇ ಭಾರತ್ ಡೈನಾಮಿಕ್ಸ್ ಜತೆಗೂಡಿ ತಯಾರಿಸುವ ಯೋಜನೆ 2025ರಲ್ಲಿ ಪ್ರಕಟವಾಯಿತು. ಅದು ಬೇಗ ಕಾರ್ಖಾನೆಯ ನೆಲಕ್ಕೆ ಇಳಿಯಬೇಕೆಂದು ಆಕ್ಷೇಪಿಸುವವರ ಜತೆ ನಾನೂ ಒತ್ತಾಯಿಸುತ್ತೇನೆ.

ಆದರೆ ಎಲ್ಲವೂ ಪರರದ್ದು ಎಂಬ ಮಾತು ನಿಜವಲ್ಲ. ನಮ್ಮ ಮುಂಚೂಣಿ ಹಡಗುಗಳ ಹಂಸ ಸೋನಾರ್‌ಗಳನ್ನು ರೂಪಿಸಿದ್ದು ಕೊಚ್ಚಿಯ ಎನ್‌ಪಿಒಎಲ್, ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ವರುಣಾಸ್ತ್ರ ಟಾರ್ಪಿಡೊ ವಿಶಾಖಪಟ್ಟಣದ ಪ್ರಯೋಗಾಲಯದ್ದು. ಕ್ಷಿಪಣಿಯ ಮೂಲಕ ಟಾರ್ಪಿಡೊವನ್ನು ದೂರಕ್ಕೆ ಒಯ್ದು ನೀರಿಗೆ ಬಿಡುವ ಸ್ಮಾರ್ಟ್ ವ್ಯವಸ್ಥೆ ಒಡಿಶಾ ತೀರದಲ್ಲಿ ಪರೀಕ್ಷೆಗಳನ್ನು ದಾಟಿದೆ. ಬೆಂಗಳೂರು ವಿಮಾನ, ಉಪಗ್ರಹಗಳ ಊರು ಎಂದು ನಮಗೆಲ್ಲ ಗೊತ್ತು. ಕಡಲಿಲ್ಲದ ಆ ಊರಿನಲ್ಲೇ ನೌಕಾಪಡೆಯ ಕಿವಿಯೂ ತಯಾರಾಗುತ್ತದೆ ಎಂಬುದು ನಮ್ಮವರಿಗೇ ತಿಳಿದಿಲ್ಲ. ಪ್ರಯೋಗಾಲಯಗಳಿಗೆ ಹಣ ಕಡಿತ ಮಾಡಿ ಎಂದವರು ಸ್ವಾವಲಂಬನೆಯ ಹೆಸರು ಎತ್ತುವುದು ಸರಿಯಲ್ಲ.

ಆರನೆಯದು ಕರಾವಳಿಯಿಂದ ಬಂದ ಮಾತು, ಇದನ್ನು ನಾನು ಬೇರೆಯದೇ ಗೌರವದಿಂದ ನೋಡುತ್ತೇನೆ. ಸೋನಾರ್‌ನಿಂದ ತಿಮಿಂಗಿಲಗಳಿಗೆ ಹಾನಿ, ನಿರ್ಬಂಧಿತ ವಲಯಗಳಿಂದ ಮೀನುಗಾರರಿಗೆ ಹಾನಿ ಎಂಬ ವಾದ. ತಿಮಿಂಗಿಲದ ವಿಷಯ ಸುಳ್ಳಲ್ಲ. 2000ದ ಮಾರ್ಚ್‌ನಲ್ಲಿ ಬಹಾಮಾಸ್‌ನಲ್ಲಿ ತಿಮಿಂಗಿಲಗಳು ತೀರಕ್ಕೆ ಬಂದು ಬಿದ್ದದ್ದಕ್ಕೆ ತನ್ನ ಸೋನಾರೇ ಕಾರಣವಿರಬೇಕೆಂದು ಅಮೆರಿಕದ ನೌಕಾಪಡೆಯೇ ಒಪ್ಪಿಕೊಂಡಿತು. ಅರಬ್ಬೀ ಸಮುದ್ರದ ಗೂನು ತಿಮಿಂಗಿಲಗಳು ತೀರ ಕಡಿಮೆ ಉಳಿದಿವೆ. ಶಾಂತಿ ಕಾಲದ ಅಭ್ಯಾಸದಲ್ಲಿ ಜಾಗ ಮತ್ತು ಕಾಲವನ್ನು ಆರಿಸಿಕೊಂಡು ಸದ್ದು ಬಿಡಬೇಕು. ಈ ನಿಯಮವನ್ನು ನೌಕಾಪಡೆ ಬರೆದಿಟ್ಟು ಪಾಲಿಸಬೇಕು. ಆದರೆ ಕಡಲತಳದ ಹೈಡ್ರೋಫೋನ್, ಕೇಳಲೆಂದೇ ಇರುವ ಎಳೆಯುವ ಸೋನಾರ್, ಹಲವು ಸೋನೋಬಾಯ್‌ಗಳು ಸದ್ದು ಮಾಡುವುದಿಲ್ಲ, ಕೇಳುತ್ತವೆ ಅಷ್ಟೆ. ನಾನು ಹೆಚ್ಚು ಹಣ ಕೇಳುತ್ತಿರುವುದು ಇವಕ್ಕೇ.

ಮೀನುಗಾರರ ಮಾತಿಗೆ ಬಂದರೆ, ಕಾರವಾರದ ಸೀಬರ್ಡ್ ನೌಕಾನೆಲೆಯ ನಿರಾಶ್ರಿತರ ನೋವನ್ನು ಯಾರೂ ಲಘುವಾಗಿ ಕಾಣಬಾರದು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಯೋಜನೆಗೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆಯನ್ನು ಬಿಟ್ಟುಕೊಟ್ಟವು. ಅಲ್ಲಿನ ನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರಕ್ಕಾಗಿ ಕೋರ್ಟಿನ ಅಲೆದಾಟ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು. ಆ ಅನ್ಯಾಯಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರದ ಖಜಾನೆ. ಸೋನಾರ್‌ಗೆ ಹಣ ಕೊಡದಿದ್ದರೆ ಅರ್ಗಾದ ಒಂದು ಕುಟುಂಬಕ್ಕೂ ಗದ್ದೆ ಮರಳುವುದಿಲ್ಲ. ಇನ್ನು ಕಡಲನ್ನು ಅಳೆಯುವ ಕೆಲಸದಿಂದ ಮೀನುಗಾರರಿಗೆ ಲಾಭವೂ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೀರಿನ ಬಿಸಿ, ಹಸಿರುಪಾಚಿಯ ಲೆಕ್ಕ ನೋಡಿ ಮೀನು ಎಲ್ಲಿ ಸಿಗಬಹುದೆಂದು ಸೂಚನೆ ಕೊಡುತ್ತದೆ. ನೌಕಾಪಡೆಗೆ ಬೇಕಾದದ್ದೂ ಅಂಥದೇ ಲೆಕ್ಕ. ರಹಸ್ಯವಲ್ಲದ ಭಾಗವನ್ನು ಎರಡೂ ಕಡೆಯವರು ಹಂಚಿಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ.

ಕೊನೆಗೆ ಉಳಿಯುವುದು ‘ಈಗಲೇ ಏಕೆ, ಅಗತ್ಯ ಬಿದ್ದಾಗ ಕೊಳ್ಳೋಣ’ ಎಂಬವರು. ಪಿ-8ಐಗೆ ಆರ್ಡರ್ ಕೊಟ್ಟದ್ದು 2009ರಲ್ಲಿ, ಮೊದಲನೆಯದು ಅರಕ್ಕೋಣಂಗೆ ಬಂದದ್ದು 2013ರಲ್ಲಿ. ಎಂಎಚ್-60ಆರ್‌ನ ಮೊದಲ ಸ್ಕ್ವಾಡ್ರನ್ ಕೊಚ್ಚಿಯಲ್ಲಿ ಶುರುವಾದದ್ದು ಆರ್ಡರ್ ಕೊಟ್ಟ ನಾಲ್ಕು ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ. ತೀರದ ಆಳವಿಲ್ಲದ ನೀರಿನಲ್ಲಿ ಬೇಟೆಯಾಡುವ 16 ಸಣ್ಣ ಹಡಗುಗಳಿಗೆ 2019ರಲ್ಲಿ ಒಪ್ಪಂದವಾಯಿತು. ಮೊದಲನೆಯದಾದ ಐಎನ್‌ಎಸ್ ಅರ್ನಾಲಾ 2025ರ ಜೂನ್‌ನಲ್ಲಿ ಸೇರಿತು. ಯಂತ್ರಕ್ಕೇ ಇಷ್ಟು ಕಾಲ ಬೇಕು. ಆ ಯಂತ್ರದ ಮುಂದೆ ಕುಳಿತು ಟ್ರಾಲರ್ ಯಾವುದು, ಜಲಾಂತರ್ಗಾಮಿ ಯಾವುದು ಎಂದು ಕಿವಿಯಿಂದಲೇ ಹೇಳುವ ನಾವಿಕ ತಯಾರಾಗಲು ಎಷ್ಟು ಮಳೆಗಾಲ ಬೇಕೆಂದು ಲೆಕ್ಕ ಹಾಕಿ. ಹಂಗೋರ್ ವರ್ಗದ ಮೊದಲ ಜಲಾಂತರ್ಗಾಮಿ 2024ರ ಏಪ್ರಿಲ್‌ನಲ್ಲೇ ವುಹಾನ್‌ನಲ್ಲಿ ನೀರಿಗಿಳಿಯಿತು. ಎಂಟೂ ಅರಬ್ಬೀ ಸಮುದ್ರಕ್ಕೆ ಬಂದ ದಿನ ನಮ್ಮ 12 ಪಿ-8ಐಗಳಲ್ಲಿ, 24 ಹೆಲಿಕಾಪ್ಟರುಗಳಲ್ಲಿ, 16 ಸಣ್ಣ ಹಡಗುಗಳಲ್ಲಿ ಯಾವುದನ್ನು ಬೇಡವೆನ್ನುತ್ತೀರಿ? ಖರ್ಚು ಕಡಿತವಾಗಲಿ ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.